ಮರಸೇಬಿನ ತೋಟದ ಶಿಷ್ಯರು

ಕ್ರಿ.ಶ. 690ರಲ್ಲಿ ಚೀನಾದ ಸಿಂಹಾಸನವನ್ನೇರಿದವಳು ಒಬ್ಬ ಹೆಂಗಸು. ಗಂಡನ ಕಾಲದಲ್ಲಿ ರಾಣಿ, ಮಕ್ಕಳ ಕಾಲದಲ್ಲಿ ರಾಜಮಾತೆ ಎನಿಸಿಕೊಂಡಿದ್ದ ವೂ ಜೆತಿಯೆನ್, ಆ ಎರಡು ಪದವಿಗಳೂ ಸಾಲದೆ ತಾನೇ ಚಕ್ರವರ್ತಿಯೆಂದು ಸಾರಿಕೊಂಡಳು. ಲುವೋಯಾಂಗ್ ನಗರದ ಮಹಾಸಭಾಮಂದಿರದಲ್ಲಿ ಆಕೆ ನಡೆಸಿದ ಔತಣದಲ್ಲಿ ಮೊಮ್ಮಕ್ಕಳು ಆಡಿ ಕುಣಿದು ತೋರಿಸಿದರು. ಐದು ವರ್ಷದ ಒಬ್ಬ ಹುಡುಗ ಲಾನ್‌ಲಿಂಗ್ ಎಂಬ ಸಮರವೀರನ ವೇಷ ಕಟ್ಟಿದ. ಆರು ವರ್ಷದ ಇನ್ನೊಬ್ಬ ‘ದೀರ್ಘಾಯುಷ್ಮತಿ’ ಎಂಬ ಮಟ್ಟಿಗೆ ಹೆಜ್ಜೆ ಹಾಕಿದ. ಆ ಆರು ವರ್ಷದವನ ಹೆಸರು ಲೀ ಲೋಂಗ್‌ಜೀ. ಆ ಔತಣಕ್ಕೆ ಮೂರು ವರ್ಷ ತುಂಬುವುದರೊಳಗೆ, ಯಾವ ಅಜ್ಜಿಯ ಆಯುಷ್ಯ ಹಾರೈಸಿ ಅವನು ಕುಣಿದನೋ ಆಕೆಯ ಅಪ್ಪಣೆಯಿಂದಲೇ ಅವನ ತಾಯಿಯ ಪ್ರಾಣ ಹೋಯಿತು. ಅರಮನೆಯ ಹುಡುಗರು ಕುಣಿತವನ್ನೂ ಭಯವನ್ನೂ ಒಂದೇ ವಯಸ್ಸಿನಲ್ಲಿ ಕಲಿಯುತ್ತಿದ್ದ ಕಾಲ ಅದು.

ರಾಜಧಾನಿ ಚಾಂಗ್‌ಆನ್‌ನ ಉತ್ತರಕ್ಕೆ ಅರಸರ ಬೇಟೆ, ವಿಹಾರಗಳಿಗೆ ಮೀಸಲಾದ ವಿಶಾಲ ಉಪವನವಿತ್ತು. ಅದರೊಳಗೆ ಮರಸೇಬಿನ ಮರಗಳ ಒಂದು ತೋಟ. ಜೊತೆಗೆ ಕುದುರೆಯೇರಿ ಚೆಂಡಾಡುವ ಬಯಲು. 710ರ ವಸಂತದಲ್ಲಿ ಲೋಂಗ್‌ಜೀಯ ದೊಡ್ಡಪ್ಪ, ಆಗಿನ ಚಕ್ರವರ್ತಿ ಜೋಂಗ್‌ಜೋಂಗ್, ಆ ಬಯಲಿನಲ್ಲಿ ತನ್ನ ಹಿರಿಯ ಅಧಿಕಾರಿಗಳಿಂದ ಹಗ್ಗಜಗ್ಗಾಟ ಆಡಿಸಿದ. ಮುಪ್ಪಿನ ಇಬ್ಬರು ಮಂತ್ರಿಗಳು ಹಗ್ಗದೊಡನೆ ನೆಲಕ್ಕುರುಳಿ ಬಹಳ ಹೊತ್ತು ಏಳಲಾರದೆ ಹೊರಳಾಡಿದ್ದನ್ನು ಕಂಡು ಗಹಗಹಿಸಿ ನಕ್ಕ. ಕೆಲವೇ ತಿಂಗಳಲ್ಲಿ ಅವನೇ ಸತ್ತ. ಹೆಂಡತಿ ಮಗಳು ಸೇರಿ ವಿಷವಿಟ್ಟರೆಂದು ಚರಿತ್ರೆಕಾರರು ಬರೆದರು. ಆ ಬೇಸಗೆಯ ಒಂದು ರಾತ್ರಿ ಲೋಂಗ್‌ಜೀ ಕಾವಲುಪಡೆಯನ್ನು ಕಟ್ಟಿಕೊಂಡು ಅರಮನೆಗೆ ನುಗ್ಗಿ ದೊಡ್ಡಮ್ಮನ ಪಕ್ಷವನ್ನು ಅಳಿಸಿಹಾಕಿದ. ತಂದೆಯನ್ನು ಪಟ್ಟಕ್ಕೆ ಕೂರಿಸಿದ. 712ರಲ್ಲಿ ತಂದೆ ಸಿಂಹಾಸನವನ್ನು ಮಗನಿಗೆ ಬಿಟ್ಟುಕೊಟ್ಟ. ತಾಂಗ್ ವಂಶದ ಈ ದೊರೆಯನ್ನು ಚರಿತ್ರೆ ಷುವಾನ್‌ಜೋಂಗ್ ಎಂದು ಕರೆಯುತ್ತದೆ.

ಅವನಿಗೆ ದೊರೆತ ರಾಜಧಾನಿಗೆ ಆ ಶತಮಾನದಲ್ಲಿ ಸಾಟಿಯಾಗುವ ನಗರಗಳು ವಿರಳ. ಪೂರ್ವ ಪಶ್ಚಿಮವಾಗಿ ಒಂಬತ್ತೂವರೆ ಕಿಲೋಮೀಟರಿಗೂ ಹೆಚ್ಚು, ಉತ್ತರ ದಕ್ಷಿಣವಾಗಿ ಎಂಟೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಕೋಟೆ. ಒಳಗೆ ಗೆರೆ ಎಳೆದಂತೆ ಬೀದಿಗಳು. ನೂರಕ್ಕೂ ಮೀರಿದ ಕೇರಿಗಳು, ಪ್ರತಿ ಕೇರಿಗೂ ಪ್ರತ್ಯೇಕ ಗೋಡೆ, ಬಾಗಿಲು. ಸಂಜೆಯ ನಗಾರಿ ಮುಗಿದೊಡನೆ ಬಾಗಿಲುಗಳು ಮುಚ್ಚಬೇಕು. ಪಶ್ಚಿಮದ ಪೇಟೆಯಲ್ಲಿ ಸಮರ್ಕಂದ್, ಬುಖಾರಾಗಳ ವರ್ತಕರು, ಪಾರಸಿಕರು, ತುರ್ಕರು ವ್ಯಾಪಾರ ನಡೆಸುತ್ತಿದ್ದರು. ದೂರದೂರದ ದೊರೆಗಳ ದೂತರಿಗೂ ತಾಂಗ್ ಆಸ್ಥಾನದ ದಾರಿ ಗೊತ್ತಿತ್ತು. ವೂ ಜೆತಿಯೆನ್‌ಳ ಆಳ್ವಿಕೆಯ ಮೊದಲ ವರ್ಷಗಳಲ್ಲೇ ಭಾರತದ ಐದು ದಿಕ್ಕಿನ ರಾಜರಿಂದ ಕಾಣಿಕೆ ಬಂದುದನ್ನು ಚೀನೀ ದಾಖಲೆಗಳು ಹೇಳುತ್ತವೆ. ಅವುಗಳಲ್ಲಿ ದಕ್ಷಿಣದ ದೊರೆಯ ಹೆಸರು ‘ಚಾಲುಕ್ಯ ವಲ್ಲಭ’. ಬಾದಾಮಿಯಲ್ಲಿ ಆಗ ವಿನಯಾದಿತ್ಯನ ಆಳ್ವಿಕೆ.

ದೂತರಿಗಿಂತ ಮೊದಲೇ ಸಂಗೀತ ಈ ದಾರಿ ಹಿಡಿದು ಬಂದಿತ್ತು. 568ರಲ್ಲಿ ತುರ್ಕಿ ರಾಜಕುಮಾರಿಯೊಬ್ಬಳ ಮದುವೆಯ ದಿಬ್ಬಣದೊಡನೆ ಮಧ್ಯ ಏಷ್ಯಾದ ಕೂಚಾ ನಾಡಿನ ಸುಜೀವನೆಂಬ ಪೀಪಾ (ತಂತಿವಾದ್ಯ) ವಾದಕ ಚೀನಾಕ್ಕೆ ಕಾಲಿಟ್ಟ. ಅವನು ಕಲಿಸಿದ ಏಳು ಮಟ್ಟುಗಳನ್ನು ಸೂಯಿ ವಂಶದ ಚರಿತ್ರೆ ಹೆಸರಿಸಿ ದಾಖಲಿಸಿದೆ. ಪಂಚಮ, ಸಾಧಾರಿತ, ಕೈಶಿಕ, ಷಡ್ಜಗ್ರಾಮಗಳನ್ನು ವಿದ್ವಾಂಸರು ಅಲ್ಲಿ ಗುರುತಿಸಿದ್ದಾರೆ. ತಾಂಗ್ ವಂಶದ ಎರಡನೆಯ ಚಕ್ರವರ್ತಿ ತಾಯ್‌ಜೋಂಗ್‌ನ ಕಾಲಕ್ಕೆ ಆಸ್ಥಾನದಲ್ಲಿ ಹತ್ತು ಸಂಗೀತ ಮೇಳಗಳಿದ್ದವು. ಭಾರತ, ಕೂಚಾ, ಕಾಶ್ಗರ್, ಸಮರ್ಕಂದ್, ಬುಖಾರಾ, ಕೊರಿಯಾ ಇವೆಲ್ಲಕ್ಕೂ ಒಂದೊಂದು ಮೇಳ. ಸಂಗೀತದ ಪ್ರಯಾಣ ಒಂದೇ ದಿಕ್ಕಿನದೂ ಆಗಿರಲಿಲ್ಲ. ತಾಯ್‌ಜೋಂಗ್‌ನ ಯುದ್ಧಗಳನ್ನು ಹಾಡುವ ‘ಚಿನ್ ರಾಜಕುಮಾರನ ವ್ಯೂಹಭೇದನ’ ಎಂಬ ಸೈನಿಕ ನೃತ್ಯದ ಕೀರ್ತಿ ಗಂಗೆಯ ತೀರವನ್ನೂ ಮುಟ್ಟಿತ್ತು. ಇಮ್ಮಡಿ ಪುಲಿಕೇಶಿಯ ಎದುರಾಳಿ ಹರ್ಷವರ್ಧನ, ಯಾತ್ರಿಕ ಹ್ಯೂಯೆನ್ ತ್ಸಾಂಗನನ್ನು ಕಂಡಾಗ ಆ ರಾಜಕುಮಾರನ ಸಂಗೀತದ ಬಗ್ಗೆ ಕೇಳಿ ತಿಳಿದುಕೊಂಡನಂತೆ.

ಷುವಾನ್‌ಜೋಂಗ್ ಆಳುವ ಕಾಲಕ್ಕೆ ಹತ್ತು ಮೇಳಗಳು ಕರಗಿ ಎರಡಾಗಿದ್ದವು. ಒಂದು ‘ನಿಂತ ಮೇಳ’. ಅದು ಅಂಗಳದಲ್ಲಿ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮಿಕ್ಕಿದ ನರ್ತಕರೊಡನೆ ದೊಡ್ಡ ನಗಾರಿಗಳ ಅಬ್ಬರದಲ್ಲಿ ನಡೆಯುವಂಥದು. ಇನ್ನೊಂದು ‘ಕುಳಿತ ಮೇಳ’. ಸಭಾಂಗಣದ ಒಳಗೆ, ಬೆರಳೆಣಿಕೆಯ ನರ್ತಕರಿಗಾಗಿ ತಂತಿವಾದ್ಯ, ಕೊಳಲುಗಳು ಮಾತಾಡಿಕೊಳ್ಳುವಂಥದು. ನಿಂತವರಿಗೆ ಎಂಟು ಕೃತಿ, ಕುಳಿತವರಿಗೆ ಆರು. ಪ್ರತಿಭೆಯ ಏಣಿಯಲ್ಲಿ ಕುಳಿತವರೇ ಮೇಲು. ಅಲ್ಲಿ ಸಲ್ಲದವರನ್ನು ನಿಂತ ಮೇಳಕ್ಕೆ ಇಳಿಸುತ್ತಿದ್ದರು. ಅಲ್ಲಿಯೂ ಸಲ್ಲದವರನ್ನು ಎಲ್ಲಿಗೆ ಕಳಿಸಬೇಕು? ಪಿತೃಗಳ ಗುಡಿಯಲ್ಲಿ, ಭೂಮ್ಯಾಕಾಶಗಳ ಪೂಜೆಯಲ್ಲಿ ನುಡಿಸುವ ಪವಿತ್ರ ಸಂಗೀತಕ್ಕೆ! ಶಾಸ್ತ್ರಗ್ರಂಥಗಳು ಎಲ್ಲಕ್ಕಿಂತ ಎತ್ತರದಲ್ಲಿಟ್ಟಿದ್ದ ಆ ಸಂಗೀತ ಕಿವಿ ಮಂದವಾದವರ ಪಾಲಿಗೆ ಬಂದಿತ್ತು. ಕವಿ ಬಾಯ್ ಜೂಯಿ ಮುಂದೆ ಈ ಅವಸ್ಥೆಯನ್ನು ಕುರಿತು ಕಟುವಾಗಿ ಬರೆದ.

*

714ರಲ್ಲಿ ಹೊಸ ದೊರೆ ಈ ಗೋಜಲನ್ನು ತನ್ನದೇ ರೀತಿಯಲ್ಲಿ ಬಿಡಿಸಿದ. ಅದುವರೆಗೆ ಪೂಜೆಯ ಸಂಗೀತವನ್ನೂ ವಿನೋದದ ಸಂಗೀತವನ್ನೂ ತಾಯ್‌ಚಾಂಗ್ ಎಂಬ ಒಂದೇ ಇಲಾಖೆ ನೋಡಿಕೊಳ್ಳುತ್ತಿತ್ತು. ವಿಧಿಯ ಕಚೇರಿ ವಿನೋದವನ್ನು ನಡೆಸುವುದು ತರವಲ್ಲ ಎಂಬ ಕಾರಣ ಮುಂದಿಟ್ಟು, ಹಾಡು, ಕುಣಿತ, ಹಾಸ್ಯ, ದೊಂಬರಾಟಗಳಿಗಾಗಿ ಅರಮನೆಯ ಹೊರಗೆ ಎಡ, ಬಲವೆಂಬ ಎರಡು ಶಿಕ್ಷಣಶಾಲೆಗಳನ್ನು ತೆರೆಸಿದ. ಚೀನೀಯರು ಇವನ್ನು ಜಿಯಾವ್‌ಫಾಂಗ್ ಎಂದರು. ಚಾಂಗ್‌ಆನ್‌ನಲ್ಲಿ ಬಲದ ಶಾಲೆ ಗ್ವಾಂಗ್‌ಜಾಯ್ ಕೇರಿಯಲ್ಲಿ, ಎಡದ್ದು ಯಾನ್‌ಜೆಂಗ್ ಕೇರಿಯಲ್ಲಿ. ಹಾಡಿಗೆ ಬಲದವರು, ಕುಣಿತಕ್ಕೆ ಎಡದವರು ಎಂಬ ಮಾತು ಪ್ರಸಿದ್ಧವಾಗಿತ್ತು. ದೊರೆಯ ಕಣ್ಣೆದುರಿಗೇ ಆಡುವ ಭಾಗ್ಯ ಪಡೆದ ಹೆಂಗಸರು ‘ಒಳಮನೆಯವರು’. ಊರ ಸಾಮಾನ್ಯ ಮನೆಗಳಿಂದ ರೂಪ ನೋಡಿ ಆರಿಸಿ ತಂದು ಪೀಪಾ ಮೊದಲಾದ ತಂತಿವಾದ್ಯ ಕಲಿಸಿದ ಹುಡುಗಿಯರದು ಬೇರೆ ದರ್ಜೆ.

ಅದೇ ವರ್ಷ ಮರಸೇಬಿನ ತೋಟಕ್ಕೆ ಹೊಸ ಜೀವ ಬಂತು. ಕುಳಿತ ಮೇಳದಿಂದ 300 ಮಂದಿ ಯುವಕರನ್ನು ಆರಿಸಿ ದೊರೆ ಅಲ್ಲಿ ಕಲೆಹಾಕಿದ. ಪಾಠ ಹೇಳಲು ತಾನೇ ಕುಳಿತ. ನೂರಾರು ವಾದ್ಯಗಳ ನಡುವೆ ಒಂದು ಅಪಸ್ವರ ಬಿದ್ದರೂ ಅವನ ಕಿವಿ ಹಿಡಿಯುತ್ತಿತ್ತು; ಯಾರದೆಂದು ಗುರುತಿಸಿ ತಿದ್ದುತ್ತಿದ್ದ. ಅವರಿಗೆ ‘ಚಕ್ರವರ್ತಿಯ ಮರಸೇಬಿನ ತೋಟದ ಶಿಷ್ಯರು’ ಎಂಬ ಹೆಸರಾಯಿತು. ಅರಮನೆಯ ಕೆಲವು ನೂರು ಹೆಂಗಸರೂ ಈ ಬಿರುದಿಗೆ ಸೇರಿದರು. ಅವರ ಬಿಡಾರ ಯಿಚುನ್ ಅರಮನೆಯ ಉತ್ತರದ ಕಟ್ಟು. ಹದಿನೈದು ವರ್ಷದೊಳಗಿನ ಮೂವತ್ತು ಮಕ್ಕಳ ಒಂದು ‘ಪುಟ್ಟ ಮೇಳ’ವೂ ಮುಂದೆ ಕೂಡಿಕೊಂಡಿತು. ಮಂತ್ರಿಗಳು ಹಗ್ಗ ಹಿಡಿದು ಬಿದ್ದಿದ್ದ ಜಾಗದಲ್ಲಿ ಈಗ ತಾಳ ತಪ್ಪಿದವರಷ್ಟೇ ನಗೆಪಾಟಲಾಗುತ್ತಿದ್ದರು.

ದೊರೆಗೆ ಪ್ರಿಯವಾದ ವಾದ್ಯ ಜಿಯೆಗು. ಮಧ್ಯ ಏಷ್ಯಾದಿಂದ ಬಂದ ಈ ಚರ್ಮವಾದ್ಯವನ್ನು ಅಡ್ಡಲಾಗಿ ಇಟ್ಟು, ಎರಡೂ ಮುಖಗಳನ್ನು ಎರಡು ಕೋಲುಗಳಿಂದ ಬಾರಿಸಬೇಕು. ಅದರ ನಾದ ಚುರುಕು, ತೀಕ್ಷ್ಣ. ಎಲ್ಲ ವಾದ್ಯಗಳಿಗೂ ಇದೇ ನಾಯಕ ಎಂಬುದು ಅವನ ಮತ. ಆಸ್ಥಾನದ ಮಹಾಗಾಯಕ ಲೀ ಗುಯಿನಿಯೆನ್ ಕೂಡ ಇದನ್ನು ನುಡಿಸಬಲ್ಲವನಾಗಿದ್ದ. ಸಾಧನೆಯಲ್ಲಿ ಎಷ್ಟು ಕೋಲು ಮುರಿದೆ ಎಂದು ದೊರೆ ಒಮ್ಮೆ ಕೇಳಲು, ಐವತ್ತು ಎಂದನಂತೆ ಗಾಯಕ. ದೊರೆ ನಕ್ಕು, ತಾನು ಮುರಿದ ಕೋಲುಗಳು ಮೂರು ಕಪಾಟು ತುಂಬಿವೆ ಎಂದನಂತೆ. ಇಂಥ ಕಥೆಗಳಲ್ಲಿ ಹೊಗಳಿಕೆಯ ಪಾಲು ಇದ್ದೇ ಇರುತ್ತದೆ. ಆದರೂ ದೊರೆ ವಾದ್ಯಗಾರನೊಡನೆ ವಾದ್ಯಗಾರನಾಗಿ ಪಂತ ಹೂಡಿದನೆಂದು ಜನ ನಂಬಿದರಲ್ಲ, ಅದೇ ಆ ಕಾಲದ ಗುರುತು.

ಆ ಸಲಿಗೆಯ ಇನ್ನೊಂದು ಮುಖವನ್ನೂ ಹೇಳಬೇಕು. ತಾಂಗ್ ರಾಜ್ಯದ ಕಾಯಿದೆ ಪ್ರಜೆಗಳನ್ನು ಒಳ್ಳೆಯವರು, ಕೀಳಿನವರು ಎಂದು ಎರಡಾಗಿ ಬಗೆದಿತ್ತು. ವಾದ್ಯಗಾರರ ಮನೆತನಗಳು ಎರಡನೆಯ ಪಟ್ಟಿಗೆ ಸೇರಿದವು. ಅವರ ಹೆಸರು ಊರಿನ ದಾಖಲೆಯಲ್ಲಿ ಇರುತ್ತಿರಲಿಲ್ಲ. ತಾಯ್‌ಚಾಂಗ್ ಇಲಾಖೆಯ ಪುಸ್ತಕದಲ್ಲಿ ಇರುತ್ತಿತ್ತು. ಮದುವೆ ತಮ್ಮ ಪಂಗಡದೊಳಗೇ ಆಗಬೇಕು. ಅಪರಾಧಿಗಳ ಹೆಂಡತಿ ಮಕ್ಕಳನ್ನು ಸರಕಾರ ವಶಪಡಿಸಿಕೊಂಡು ಈ ಪಟ್ಟಿಗೆ ಸೇರಿಸುವುದೂ ಇತ್ತು. ರಾಜ್ಯದ ಉಚ್ಛ್ರಾಯದಲ್ಲಿ ಹೀಗೆ ಸರದಿಯ ಮೇಲೆ ಊಳಿಗಕ್ಕೆ ಬರುತ್ತಿದ್ದ ಸಂಗೀತಗಾರರ ಸಂಖ್ಯೆ ಹತ್ತಾರು ಸಾವಿರ. ಚಕ್ರವರ್ತಿಯ ಶಿಷ್ಯನೆಂಬ ಬಿರುದು ಹೊತ್ತವನು ಬೀದಿಯ ಎಣ್ಣೆ ವ್ಯಾಪಾರಿಯ ಮಗಳನ್ನು ಮದುವೆಯಾಗುವಂತಿರಲಿಲ್ಲ.

ಪಾಠವೂ ಕಾಯಿದೆಯಷ್ಟೇ ಬಿಗಿ. ಯಾವ ಜಾತಿಯ ದೊಡ್ಡ ಕೃತಿಗೆ ಎಷ್ಟು ದಿನ, ಸಣ್ಣದಕ್ಕೆ ಎಷ್ಟು ದಿನ ಎಂದು ಲೆಕ್ಕ ಬರೆದಿತ್ತು: ಹಳೆಯ ಚೀನೀ ಶೈಲಿಯ ದೊಡ್ಡ ಕೃತಿಗೆ 60 ದಿನ, ಕೂಚಾ ಶೈಲಿಯ ದೊಡ್ಡ ಕೃತಿಗೆ 30 ದಿನ. ಕಠಿಣ ವರ್ಗದ ಮೇಳಕ್ಕೆ ಮೂರು ವರ್ಷ, ಸುಲಭದ್ದಕ್ಕೆ ಒಂದು ವರ್ಷ. ಐವತ್ತಕ್ಕೂ ಹೆಚ್ಚು ಕಷ್ಟದ ಕೃತಿಗಳು ಕೈವಶವಾಗಿ ದೊರೆಯ ಮುಂದೆ ನುಡಿಸಬಲ್ಲೆನೆಂದು ತೋರಿಸಿದವನಿಗೇ ವಿದ್ಯೆ ಮುಗಿಯಿತೆಂಬ ಮಾನ್ಯತೆ. ಶಿಷ್ಯರ ಫಲಿತಾಂಶದ ಮೇಲೆ ಗುರುಗಳಿಗೂ ಉತ್ತಮ, ಮಧ್ಯಮ, ಅಧಮವೆಂಬ ಶ್ರೇಣಿ ಬೀಳುತ್ತಿತ್ತು.

ಈ ಗರಡಿಯಿಂದ ಎದ್ದುಬಂದವರ ಹೆಸರುಗಳು ಇಂದಿಗೂ ಚೀನೀಯರ ನಾಲಗೆಯ ಮೇಲಿವೆ. ಲೀ ಗುಯಿನಿಯೆನ್ ಮತ್ತವನ ಇಬ್ಬರು ಸಹೋದರರು ಹಾಡು, ಕುಣಿತಗಳಲ್ಲಿ ಗಳಿಸಿದ ಹಣದಿಂದ ಲುವೋಯಾಂಗ್‌ನಲ್ಲಿ ಸಾಮಂತರ ಮನೆಗಳನ್ನು ನಾಚಿಸುವಂಥ ಮಹಲು ಕಟ್ಟಿಸಿದರು. ಗೋಂಗ್‌ಸುನ್ ಎಂಬಾಕೆಯ ಖಡ್ಗನೃತ್ಯಕ್ಕೆ ಒಳಮನೆಯಲ್ಲಾಗಲಿ ಹೊರಗಾಗಲಿ ಸರಿಗಟ್ಟುವವರಿರಲಿಲ್ಲ. ಅದನ್ನು ನೋಡಿನೋಡಿ ಝಾಂಗ್ ಷು ಎಂಬ ಬರೆಹಗಾರನ ಕುಂಚದ ಓಟವೇ ಬದಲಾಯಿತೆಂದು ಪ್ರತೀತಿ. ಅವನು ಓಡುಬರಹದ ಮಹಾಗುರುವೆನಿಸಿದ. ಯೋಂಗ್‌ಷಿನ್ ಎಂಬ ಗಾಯಕಿ ದಕ್ಷಿಣದ ವಾದ್ಯಗಾರನೊಬ್ಬನ ಮಗಳು. ಚಿನ್‌ಜೆಂಗ್ ಎಂಬ ಅರಮನೆ ಮಹಡಿಯ ಮುಂದೆ ನಡೆದ ಜಾತ್ರೆಯಂಥ ಔತಣವೊಂದರಲ್ಲಿ ಸಾವಿರಾರು ಜನರ ಗದ್ದಲಕ್ಕೆ ಆಟದ ಸದ್ದೇ ಕೇಳದೆ ದೊರೆ ಸಿಟ್ಟಾಗಿ ಏಳಹೊರಟ. ಅಂತಃಪುರದ ಅಧಿಕಾರಿ ಗಾವ್ ಲಿಷಿ, ಯೋಂಗ್‌ಷಿನ್‌ಳನ್ನು ಕರೆಸಿ ಎಂದು ಬಿನ್ನವಿಸಿದ. ಆಕೆ ಮುಂಗುರುಳು ಸರಿಸಿ ತೋಳೆತ್ತಿ ಒಂದು ಎತ್ತರದ ಸ್ವರ ಹಿಡಿದಳು. ಅಷ್ಟು ದೊಡ್ಡ ಬಯಲು ನಿರ್ಜನವಾದಂತೆ ಸುಮ್ಮನಾಯಿತು.

729ರಿಂದ ದೊರೆಯ ಹುಟ್ಟುಹಬ್ಬಕ್ಕೆ ‘ಸಾವಿರ ಶರತ್ಕಾಲ’ಗಳ ಹಬ್ಬವೆಂದು ಹೆಸರಾಯಿತು, ನಾಡಿಗೆಲ್ಲ ರಜೆ. ಅಂದು ಚಿನ್‌ಜೆಂಗ್ ಮಹಡಿಯ ಕೆಳಗೆ ಆನೆ, ಖಡ್ಗಮೃಗಗಳು ನಮಸ್ಕರಿಸುತ್ತಿದ್ದವು. ದೊಂಬರು ಬಿದಿರ ತುದಿಯಲ್ಲಿ ನಿಲ್ಲುತ್ತಿದ್ದರು. ಎಲ್ಲಕ್ಕೂ ಕಳಸ ಕುದುರೆಗಳ ಕುಣಿತ. ರೇಷ್ಮೆಯ ಹೊದಿಕೆ, ಹೊನ್ನಿನ ಬೆಳ್ಳಿಯ ಕಡಿವಾಣ, ಕೇಸರಕ್ಕೆ ಪೋಣಿಸಿದ ಮಣಿಗಳು. ‘ಪಾತ್ರೆ ಬಾಗಿಸುವ’ ಮಟ್ಟು ಮೊದಲಾದೊಡನೆ ಅವು ತಲೆ ಕೊಡವಿ, ಬಾಲ ಬೀಸಿ, ತಾಳಕ್ಕೆ ಹೆಜ್ಜೆಯಿಡುತ್ತಿದ್ದವು. ಮೂರಂತಸ್ತಿನ ಹಲಗೆಯ ಮೇಲೇರಿ ಸುತ್ತುತ್ತಿದ್ದವು. ಕೊನೆಗೆ ಬಟ್ಟಲನ್ನು ಬಾಯಲ್ಲಿ ಕಚ್ಚಿ ದೊರೆಯ ಮುಂದೆ ಹಿಂಗಾಲ ಮೇಲೆ ಕೂರುತ್ತಿದ್ದವು. ಇದನ್ನು ಕವಿಗಳ ಉತ್ಪ್ರೇಕ್ಷೆ ಎನ್ನುವವರಿಗೆ 1970ರಲ್ಲಿ ಉತ್ತರ ಸಿಕ್ಕಿತು. ಇಂದಿನ ಷಿಯಾನ್ ನಗರದ ಹೆಜಿಯಾ ಎಂಬಲ್ಲಿ ಅಗೆದಾಗ ದೊರೆತ ತಾಂಗ್ ಕಾಲದ ನಿಧಿಯಲ್ಲಿ ಒಂದು ಬೆಳ್ಳಿಯ ಹೂಜಿಯಿತ್ತು. ಅದರ ಮೈಮೇಲೆ ಚಿನ್ನದ ಲೇಪದಲ್ಲಿ, ಬಟ್ಟಲು ಕಚ್ಚಿ ಕುಳಿತ ಅದೇ ಕುದುರೆ.

*

745ರಲ್ಲಿ ಯಾಂಗ್ ಯುಹ್ವಾನ್ ಎಂಬಾಕೆಗೆ ‘ಗುಯಿಫೇ’ ಎಂಬ ಉಪರಾಣಿಯ ಪದವಿ ದೊರೆಯಿತು. ಅವಳು ಮೊದಲು ದೊರೆಯ ಮಗನೊಬ್ಬನ ಹೆಂಡತಿ. ಮಠದ ಸನ್ಯಾಸಿನಿಯ ದೀಕ್ಷೆ ಕೊಡಿಸಿ ಆ ನಂಟನ್ನು ಕಳಚಿ, ಆಮೇಲೆ ದೊರೆ ಅವಳನ್ನು ತನ್ನವಳನ್ನಾಗಿ ಮಾಡಿಕೊಂಡ. ಅವಳ ಚೆಲುವನ್ನು ಹಾಡಿದವರು ಅವಳ ಕೈಯ ವಿದ್ಯೆಯನ್ನು ಮರೆತದ್ದೇ ಹೆಚ್ಚು. ಪೀಪಾ ನುಡಿಸುವುದರಲ್ಲಿ, ಕಲ್ಲಿನ ಫಲಕಗಳ ವಾದ್ಯ ನುಡಿಸುವುದರಲ್ಲಿ ಅವಳು ತೋಟದ ಶಿಷ್ಯರಿಗೆ ಸಮನಾಗಿದ್ದಳು. ಅವಳೊಡನೆ ಹೆಸರು ಬೆಸೆದ ಕೃತಿ ‘ಮಳೆಬಿಲ್ಲಿನ ಉಡುಗೆ, ಗರಿಗಳ ಅಂಗಿ’. ದೊರೆ ಚಂದ್ರಲೋಕಕ್ಕೆ ಹೋಗಿ ಅಪ್ಸರೆಯರ ಕುಣಿತ ನೋಡಿ ಬಂದು ಅದನ್ನು ಕಟ್ಟಿದನೆಂದು ಕಥೆ. ದಾಖಲೆ ಹೇಳುವುದು ಬೇರೆ: ಪಶ್ಚಿಮ ಗಡಿಯ ಅಧಿಕಾರಿ ಯಾಂಗ್ ಜಿಂಗ್‌ಶು ಆಸ್ಥಾನಕ್ಕೆ ಒಪ್ಪಿಸಿದ ‘ಬ್ರಾಹ್ಮಣ ಮಟ್ಟು’ ಅದಕ್ಕೆ ಆಧಾರ. ಭಾರತದ ಕಡೆಯಿಂದ ಮರಳುಗಾಡು ದಾಟಿ ಬಂದ ಮಟ್ಟು ದೊರೆಯ ಕೈಯಲ್ಲಿ ಚೀನಾದ ಅತಿ ಪ್ರಸಿದ್ಧ ನೃತ್ಯವಾಯಿತು.

ಆ ವರ್ಷಗಳಲ್ಲಿ ಆಸ್ಥಾನಕ್ಕೆ ಹುಚ್ಚು ಹಿಡಿಸಿದ ಇನ್ನೊಂದು ಕುಣಿತ ಸಮರ್ಕಂದ್ ಸೀಮೆಯ ಸುತ್ತುನೃತ್ಯ. ಅದರಲ್ಲಿ ಪಳಗಿದವರ ಪೈಕಿ ಒಬ್ಬ ಅಚ್ಚರಿಯ ಮನುಷ್ಯನಿದ್ದ. ಹೊಟ್ಟೆ ಮೊಣಕಾಲಿಗೆ ಇಳಿಬಿದ್ದಷ್ಟು ಸ್ಥೂಲಕಾಯ. ನಡೆಯುವಾಗ ಇಬ್ಬರು ಆಧಾರ ಕೊಡಬೇಕು. ದೊರೆಯ ಮುಂದೆ ಸುತ್ತತೊಡಗಿದರೆ ಗಾಳಿಯ ವೇಗ. ಅವನು ಆನ್ ಲೂಶಾನ್. ಸೋಗ್ದಿಯ, ತುರ್ಕಿ ರಕ್ತ ಬೆರೆತ ಗಡಿನಾಡ ಸೇನಾನಿ. ಈಶಾನ್ಯದ ಮೂರು ಗಡಿ ಪ್ರಾಂತಗಳ ದಂಡಾಧಿಕಾರ ಅವನ ಕೈಯಲ್ಲಿತ್ತು. ಹಳ್ಳಿಯ ರೈತರು ಸರದಿಯಲ್ಲಿ ಸೈನಿಕರಾಗುತ್ತಿದ್ದ ಹಳೆಯ ಏರ್ಪಾಡು ಕುಸಿದು, ಸಂಬಳದ ಸೈನ್ಯವೆಲ್ಲ ಗಡಿಗಳಲ್ಲಿ ಜಮಾಯಿಸಿತ್ತು. ರಾಜಧಾನಿಯ ಕಾವಲು ಹೆಸರಿಗಷ್ಟೇ ಉಳಿದಿತ್ತು. ದೊಡ್ಡ ಮಂತ್ರಿ ಲೀ ಲಿನ್‌ಫು ತನಗೆ ಆಸ್ಥಾನದಲ್ಲಿ ಪ್ರತಿಸ್ಪರ್ಧಿಗಳು ಹುಟ್ಟಬಾರದೆಂದು ಗಡಿಯ ಅಧಿಕಾರವನ್ನು ಪರದೇಶೀ ಮೂಲದವರಿಗೇ ಕೊಡಿಸುತ್ತ ಬಂದಿದ್ದ. ಅವನ ಬಳಿಕ ಬಂದ ಯಾಂಗ್ ಗುವೊಜೋಂಗ್, ಗುಯಿಫೇಯ ನೆಂಟ, ಆನ್ ಲೂಶಾನನೊಡನೆ ಬಹಿರಂಗ ಹಗೆತನ ಬೆಳೆಸಿದ. ಇವುಗಳಲ್ಲಿ ಯಾವುದೂ ಮರಸೇಬಿನ ತೋಟದಲ್ಲಿ ನಿಶ್ಚಯವಾದುದಲ್ಲ.

754ರ ಬೇಸಗೆಯಲ್ಲಿ ತಾಯ್‌ಚಾಂಗ್ ಇಲಾಖೆ ಹತ್ತಾರು ಪರದೇಶೀ ಮಟ್ಟುಗಳಿಗೆ ಚೀನೀ ಹೆಸರಿಟ್ಟು ಕಲ್ಲಿನಲ್ಲಿ ಕೆತ್ತಿಸಿತು. ‘ಬ್ರಾಹ್ಮಣ ಮಟ್ಟು’ ಅಧಿಕೃತವಾಗಿ ‘ಮಳೆಬಿಲ್ಲಿನ ಉಡುಗೆ’ಯಾದದ್ದು ಆಗಲೇ. ಮರುವರ್ಷ, 755ರ ಡಿಸೆಂಬರಿನಲ್ಲಿ, ಆನ್ ಲೂಶಾನ್ ಬಂಡೆದ್ದು ದಕ್ಷಿಣಕ್ಕೆ ದಂಡೆತ್ತಿದ. ತಿಂಗಳು ತುಂಬಿದ ಸ್ವಲ್ಪದರಲ್ಲೇ ಲುವೋಯಾಂಗ್ ಬಿತ್ತು. 756ರ ಜುಲೈನಲ್ಲಿ ರಾಜಧಾನಿಯ ಹೆಬ್ಬಾಗಿಲಾದ ತೋಂಗ್ ಕಣಿವೆಯೂ ಬಿದ್ದ ಸುದ್ದಿ ಬರಲು, ಎಪ್ಪತ್ತು ದಾಟಿದ ಮುದಿ ದೊರೆ ನಸುಕಿನಲ್ಲಿ ಗುಟ್ಟಾಗಿ ಅರಮನೆ ಬಿಟ್ಟ. ಮರುದಿನ ಮಾವೇ ಎಂಬ ಅಂಚೆಯ ಠಾಣೆಯಲ್ಲಿ ಬೆಂಗಾವಲ ಸೈನಿಕರು ಯಾಂಗ್ ಗುವೊಜೋಂಗನನ್ನು ಕೊಂದು, ಗುಯಿಫೇಯ ತಲೆಯನ್ನೂ ಕೇಳಿದರು. ದೊರೆ ಒಪ್ಪಿದ. ಗಾವ್ ಲಿಷಿ ಅವಳನ್ನು ಬೌದ್ಧ ಗುಡಿಯೊಂದಕ್ಕೆ ಕರೆದೊಯ್ದು ಕತ್ತು ಬಿಗಿಸಿದ. ಶಿಷ್ಯರಲ್ಲಿ ಬಹುತೇಕರನ್ನು ಯಾರೂ ಕರೆದೊಯ್ಯಲಿಲ್ಲ. ನಸುಕಿನಲ್ಲಿ ಹೊರಟ ಗುಂಪಿನ ಹಿಂದೆ ತೋಟ, ಶಾಲೆ, ಲಾಯಗಳೆಲ್ಲ ತುಂಬಿದಂತೆಯೇ ಉಳಿದವು.

ಆನ್ ಲೂಶಾನನಿಗೆ ಅವುಗಳ ಬೆಲೆ ಗೊತ್ತಿತ್ತು. ಅವನು ಆ ಹಬ್ಬಗಳ ಅತಿಥಿಯಾಗಿದ್ದವನು. ಚಾಂಗ್‌ಆನ್‌ನ ವಾದ್ಯಗಾರರು, ನರ್ತಕರು, ವಾದ್ಯ, ವೇಷಭೂಷಣ, ಕುಣಿಯುವ ಕುದುರೆ, ಆನೆ, ಖಡ್ಗಮೃಗ ಎಲ್ಲವನ್ನೂ ಲುವೋಯಾಂಗ್‌ಗೆ ಸಾಗಿಸಬೇಕೆಂದು ಅವನ ಆಜ್ಞೆಯಾಯಿತು. ಅಲ್ಲಿಯ ನಿಂಗ್‌ಬಿ ಕೊಳದ ದಡದಲ್ಲಿ ಅವನು ತನ್ನ ಹೊಸ ಆಸ್ಥಾನಕ್ಕೆ ಔತಣವಿಟ್ಟ. ಮೇಳ ಕಟ್ಟಿ ನುಡಿಸತೊಡಗಿದ ಶಿಷ್ಯರಿಗೆ ಹಳೆಯ ದಿನಗಳ ನೆನಪು ಒತ್ತರಿಸಿ ಕಣ್ಣೀರು ಹರಿಯಿತು. ಸೈನಿಕರು ಬಿಚ್ಚುಗತ್ತಿ ಹಿಡಿದು ಅವರನ್ನು ಗದರುತ್ತ ನಿಂತರು. ಆಗ ಲೇ ಹಾಯ್‌ಚಿಂಗ್ ಎಂಬ ವಾದ್ಯಗಾರ ಉಕ್ಕಿಬಂದ ದುಃಖ ತಡೆಯಲಾರದೆ ತನ್ನ ವಾದ್ಯವನ್ನು ನೆಲಕ್ಕೆ ಬಡಿದು, ದೊರೆ ಹೋದ ಪಶ್ಚಿಮ ದಿಕ್ಕಿಗೆ ಮುಖ ಮಾಡಿ ಗೋಳಾಡಿದ. ಅವನನ್ನು ಅರಮನೆಯ ಕಟ್ಟಡವೊಂದರ ಮುಂದೆ ಕಟ್ಟಿ, ಎಲ್ಲರೂ ನೋಡುತ್ತಿರುವಂತೆ ಅಂಗಾಂಗ ಕತ್ತರಿಸಿ ಕೊಂದರು.

ಆ ಔತಣದ ಕಾಲದಲ್ಲಿ ಬಂಡುಕೋರನ ಆಸ್ಥಾನದ ಉನ್ನತ ಪೀಠಗಳಲ್ಲಿ ಯಾ‌ರು ಕೂತಿದ್ದರೆಂದು ನೋಡಿ. ಷುವಾನ್‌ಜೋಂಗನ ಮಾಜಿ ಮಹಾಮಂತ್ರಿ ಚೆನ್ ಷಿಲಿಯೆ ಅಲ್ಲಿಯೂ ಮಹಾಮಂತ್ರಿ. ಷುವಾನ್‌ಜೋಂಗನ ಅಳಿಯ ಝಾಂಗ್ ಜಿ ಇನ್ನೊಬ್ಬ ಮಂತ್ರಿ. ಇಬ್ಬರೂ ನಿಷ್ಠೆಯ ಶಾಸ್ತ್ರವನ್ನು ಅರೆದು ಕುಡಿದವರು. ಲೇ ಹಾಯ್‌ಚಿಂಗನಿಗೆ ರಾಜ್ಯ ಕೊಟ್ಟಿದ್ದು ಒಂದು ವಾದ್ಯ, ಇಲಾಖೆಯ ಪುಸ್ತಕದಲ್ಲಿ ಒಂದು ಸಾಲು, ಅಷ್ಟೇ. ಮಂತ್ರಿಗಳಿಂದ ನಿರೀಕ್ಷಿಸಬಹುದಾಗಿದ್ದ ನಡತೆ ಆ ಬಡಪಾಯಿಯಿಂದ ಬಂತು.

ಕವಿ ವಾಂಗ್ ವೇ ಆಗ ಲುವೋಯಾಂಗ್‌ನ ಬೋಧಿ ವಿಹಾರದಲ್ಲಿ ಬಂಡುಕೋರರ ಸೆರೆಯಲ್ಲಿದ್ದ. ಬಲವಂತದ ಹುದ್ದೆಯೊಂದು ಅವನ ತಲೆಗೂ ಬಿದ್ದಿತ್ತು. ನೋಡಲು ಬಂದ ಗೆಳೆಯ ಪೇ ದಿ ಕೊಳದ ಬಳಿಯ ಸಂಗತಿ ಹೇಳಿದಾಗ, ಬರೆಯುವ ಅನುಕೂಲವೂ ಇಲ್ಲದ ಕವಿ ನಾಲ್ಕು ಸಾಲು ಬಾಯಲ್ಲೇ ಕಟ್ಟಿ ಹೇಳಿದ. 757ರಲ್ಲಿ ತಾಂಗ್ ಸೈನ್ಯ ಚಾಂಗ್‌ಆನ್, ಲುವೋಯಾಂಗ್ ಎಂಬ ಎರಡೂ ರಾಜಧಾನಿಗಳನ್ನು ಮರಳಿ ಗೆದ್ದು, ಶತ್ರುವಿನ ಕೈಕೆಳಗೆ ದುಡಿದವರ ವಿಚಾರಣೆ ನಡೆಸಿತು. ಹಲವರ ತಲೆ ಹೋಯಿತು; ಚೆನ್ ಷಿಲಿಯೆಗೆ ಮನೆಯಲ್ಲಿ ತಾನಾಗಿ ಸಾಯುವ ಅನುಗ್ರಹ ದೊರೆಯಿತು. ವಾಂಗ್ ವೇ ಉಳಿದುಕೊಂಡ. ತಮ್ಮನು ತನ್ನ ಪದವಿಯನ್ನೇ ಒತ್ತೆಯಿಟ್ಟು ಬೇಡಿಕೊಂಡದ್ದು ಒಂದು ಕಾರಣ, ಆ ನಾಲ್ಕು ಸಾಲು ಇನ್ನೊಂದು. ವಾದ್ಯಗಾರನ ಸಾವು ಕವಿಯ ಜೀವವನ್ನು ಕಾಯಿತು.

ಕುದುರೆಗಳಿಗೆ ಸಾಕ್ಷಿ ಹೇಳುವವರಿರಲಿಲ್ಲ. ಬಂಡುಕೋರರ ಕೈಯಿಂದ ಕೆಲವು ಕುದುರೆಗಳು ತಿಯೆನ್ ಚೆಂಗ್‌ಸಿ ಎಂಬ ದಂಡನಾಯಕನ ಲಾಯಕ್ಕೆ ಸೇರಿದವು. ಅವನಿಗೆ ಅವುಗಳ ಪೂರ್ವವೃತ್ತಾಂತ ಗೊತ್ತಿರಲಿಲ್ಲ. ಯುದ್ಧದ ಕುದುರೆಗಳೊಡನೆ ಕಟ್ಟಿಸಿದ. ಒಂದು ದಿನ ಪಾಳೆಯದಲ್ಲಿ ಸೈನಿಕರ ಔತಣಕ್ಕಾಗಿ ವಾದ್ಯಗಳು ಮೊಳಗಿದವು. ಕುದುರೆಗಳು ಕುಣಿಯತೊಡಗಿದವು. ದೆವ್ವ ಹೊಕ್ಕಿದೆಯೆಂದು ಕಾಸ್ತಾರರು ಪೊರಕೆ ಹಿಡಿದು ಬಡಿದರು. ತಾಳ ತಪ್ಪಿತೇನೋ, ಅದಕ್ಕೇ ಈ ಶಿಕ್ಷೆ ಎಂದುಕೊಂಡವೋ ಏನೋ, ಅವು ಇನ್ನಷ್ಟು ಅಚ್ಚುಕಟ್ಟಾಗಿ ಕುಣಿದವು. ದಂಡನಾಯಕನಿಗೆ ದೂರು ಹೋಯಿತು, ಚಾಟಿ ಬಂತು. ಹೊಡೆತ ಬಲವಾದಷ್ಟೂ ಹೆಜ್ಜೆ ಬಿಗಿಯಾಯಿತು. ಲಾಯದಲ್ಲೇ ಅವು ಸತ್ತವು. ಅವು ಯಾರ ಕುದುರೆಗಳೆಂದು ಬಲ್ಲವರು ಅಲ್ಲಿದ್ದರು. ದಂಡನಾಯಕನ ಸಿಟ್ಟಿಗೆ ಹೆದರಿ ಬಾಯಿ ಬಿಡಲಿಲ್ಲ.

*

ಬಂಡಾಯ ಅಡಗಲು ಎಂಟು ವರ್ಷ ಹಿಡಿಯಿತು. ಬಂಡಾಯದ ಮುಂಚೆ ಸುಮಾರು 5 ಕೋಟಿ 29 ಲಕ್ಷ ಪ್ರಜೆಗಳ ಲೆಕ್ಕ ಹೇಳುತ್ತಿದ್ದ ಸರಕಾರಿ ದಾಖಲೆ, 764ರಲ್ಲಿ 1 ಕೋಟಿ 69 ಲಕ್ಷಕ್ಕೆ ಇಳಿದಿತ್ತು. ಎಲ್ಲರೂ ಸತ್ತರೆಂದಲ್ಲ, ಲೆಕ್ಕ ಬರೆಯುವ ಕೈಗಳೂ, ಲೆಕ್ಕಕ್ಕೆ ಸಿಗುವ ಊರುಗಳೂ ಕೈತಪ್ಪಿದ್ದವು. ಸಂಗೀತಗಾರರು ಯಾಂಗ್ಟ್ಸಿ ನದಿಯ ದಕ್ಷಿಣಕ್ಕೆ ಚದುರಿಹೋದರು. ಯೋಂಗ್‌ಷಿನ್ ಒಬ್ಬ ಸಾಮಾನ್ಯ ವಿದ್ಯಾವಂತನ ಕೈಸೇರಿದಳು. ಯಾಂಗ್‌ಝೋ ಬಳಿ ಬೆಳುದಿಂಗಳ ರಾತ್ರಿಯಲ್ಲಿ ದೋಣಿಯೊಂದರಿಂದ ಹಾಡು ಕೇಳಿಬರಲು, ಹಿಂದೆ ಅರಮನೆಯ ಕಾವಲಿನಲ್ಲಿದ್ದ ವೇ ಚಿಂಗ್ ಎಂಬ ಸೇನಾಧಿಕಾರಿ ದನಿಯಿಂದಲೇ ಅವಳನ್ನು ಗುರುತು ಹಿಡಿದು, ದೋಣಿಯೇರಿ ಅವಳೊಡನೆ ಅತ್ತನಂತೆ. ಲೀ ಗುಯಿನಿಯೆನ್ ದಕ್ಷಿಣದ ಊರುಗಳ ಔತಣಗಳಲ್ಲಿ ಹಾಡುತ್ತ ಕಾಲ ಕಳೆದ. ಅವನು ಹಾಡಿದಾಗ ಅತಿಥಿಗಳು ಬಟ್ಟಲು ಕೆಳಗಿಟ್ಟು ಮುಖ ಮುಚ್ಚಿಕೊಳ್ಳುತ್ತಿದ್ದರು. 770ರಲ್ಲಿ ಇಂದಿನ ಚಾಂಗ್‌ಷಾದಲ್ಲಿ ಅವನನ್ನು ಕಂಡ ಕವಿ ದು ಫು, ಹಳೆಯ ಮಹಲುಗಳ ಪರಿಚಯವನ್ನು ನೆನೆದು ಪುಟ್ಟ ಪದ್ಯ ಬರೆದ. ಬರೆದ ವರ್ಷವೇ ಕವಿಯೂ ತೀರಿಕೊಂಡ. ಅದಕ್ಕೆ ಮೂರು ವರ್ಷ ಮುಂಚೆ ಕ್ವೇಝೋ ಎಂಬ ಬೆಟ್ಟದೂರಿನ ಅಧಿಕಾರಿಯ ಮನೆಯಲ್ಲಿ ದು ಫು ಖಡ್ಗನೃತ್ಯವೊಂದನ್ನು ನೋಡಿ ಬೆರಗಾಗಿದ್ದ. ಗುರು ಯಾರೆಂದು ಕೇಳಲು ನರ್ತಕಿ ಹೇಳಿದ ಹೆಸರು ಗೋಂಗ್‌ಸುನ್. ಆ ಗುರುವಿನ ಕುಣಿತವನ್ನು ಕವಿ ಚಿಕ್ಕ ಹುಡುಗನಾಗಿದ್ದಾಗ ನೋಡಿದ್ದ.

ಚುಯಿ ಲಿಂಗ್‌ಚಿನ್ ಎಂಬ ಅಧಿಕಾರಿಯೂ ಈ ವಲಸಿಗರಲ್ಲಿ ಒಬ್ಬ. ಚಾಂಗ್‌ಆನ್‌ನಲ್ಲಿದ್ದಾಗ ಶಿಕ್ಷಣಶಾಲೆಯ ಕಲಾವಿದರ ನೆರೆಯಲ್ಲಿ ಒಡನಾಡಿದ್ದವನು. ನದಿಯಾಚೆಯ ಆಸರೆಯಲ್ಲಿ ಕೂತು ನೆನಪಿನಿಂದ ಒಂದು ಪುಸ್ತಕ ಬರೆದ: ಯಾವ ಕೇರಿಯಲ್ಲಿ ಯಾವ ಶಾಲೆ, ಯಾರಿಗೆ ಯಾವ ದರ್ಜೆ, ಯಾವ ಹಬ್ಬಕ್ಕೆ ಯಾವ ಆಟ, ಕೊನೆಗೆ 324 ಮಟ್ಟುಗಳ ಹೆಸರು. ಸ್ವರಗಳಿಲ್ಲ, ಹೆಸರುಗಳಷ್ಟೇ. ನಮಗೆ ಆ ಶಾಲೆಗಳ ಬಗ್ಗೆ ಗೊತ್ತಿರುವುದರಲ್ಲಿ ಬಹುಪಾಲು ಅಲ್ಲಿಂದ ಬಂದದ್ದು. ಹೀಗೆ ಹೆಸರು ಉಳಿದ ಮಟ್ಟುಗಳಲ್ಲಿ ಹಲವಕ್ಕೆ ಮುಂದಿನ ಶತಮಾನಗಳ ಕವಿಗಳು ಹೊಸ ಸಾಹಿತ್ಯ ತುಂಬುತ್ತ ಹೋದರು. ‘ತ್ಸಿ’ ಎಂಬ ಕಾವ್ಯಪ್ರಕಾರ ಬೆಳೆದು, ಸೋಂಗ್ ವಂಶದ ಕಾಲಕ್ಕೆ ಚೀನೀ ಸಾಹಿತ್ಯದ ಒಂದು ಶಿಖರವಾಯಿತು.

ಷುವಾನ್‌ಜೋಂಗ್ 758ರ ಆರಂಭದಲ್ಲಿ ರಾಜಧಾನಿಗೆ ಮರಳಿದ. ಆದರೆ ಮಗ ಆಗಲೇ ಪಟ್ಟವೇರಿದ್ದ. ಮುದುಕ ತನ್ನ ಹಳೆಯ ಷಿಂಗ್‌ಚಿಂಗ್ ಅರಮನೆಯಲ್ಲಿ ಉಳಿದಿದ್ದ ಕೆಲವು ಶಿಷ್ಯರ ಹಾಡು ಕೇಳುತ್ತ ಕುಳಿತ. ಬೀದಿಯಲ್ಲಿ ಹೋಗುವವರು ಮಹಡಿಯ ಮೇಲಿದ್ದ ಅವನನ್ನು ಕಂಡು ನಮಸ್ಕರಿಸುವುದೂ ಹೊಸ ಆಸ್ಥಾನಕ್ಕೆ ಸಹನೆಯಾಗಲಿಲ್ಲ. 760ರಲ್ಲಿ ಅವನನ್ನು ಒಳಗಿನ ಅರಮನೆಗೆ ಎತ್ತಂಗಡಿ ಮಾಡಿ, ಗಾವ್ ಲಿಷಿಯನ್ನು ಗಡೀಪಾರು ಮಾಡಿದರು. 762ರಲ್ಲಿ ಅವನು ಸತ್ತ. 779ರಲ್ಲಿ ಅವನ ಮರಿಮಗ ದೆಜೋಂಗ್ ಪಟ್ಟಕ್ಕೆ ಬಂದವನೇ ತೋಟದ ಮೇಲ್ವಿಚಾರಕನ ಹುದ್ದೆಯನ್ನು ರದ್ದುಗೊಳಿಸಿ, ಮುನ್ನೂರು ಮಂದಿ ಹೆಚ್ಚುವರಿ ಕಲಾವಿದರನ್ನು ಮನೆಗೆ ಕಳಿಸಿ, ಉಳಿದವರನ್ನು ತಾಯ್‌ಚಾಂಗ್ ಇಲಾಖೆಗೆ ಒಪ್ಪಿಸಿದ. ಆರಿಸಿ ತಂದವರೂ ಮುನ್ನೂರು, ಬಿಟ್ಟುಕಳಿಸಿದವರೂ ಮುನ್ನೂರು.

ಮುಂದಿನ ಪಂಡಿತರು ರಾಜ್ಯದ ಪತನಕ್ಕೆ ಸಂಗೀತವನ್ನು ಗುರಿ ಮಾಡಿದರು. ಪರದೇಶೀ ಮಟ್ಟು, ಸುತ್ತುನೃತ್ಯಗಳೇ ದೊರೆಯ ಬುದ್ಧಿಯನ್ನು ಕೆಡಿಸಿದವೆಂದು ಕವಿಗಳು ಬರೆದರು. ದೊರೆಯ ಆಡಂಬರವೇ ಕಳ್ಳನ ಕಣ್ಣು ತೆರೆಸಿತೆಂದು ಹನ್ನೊಂದನೆಯ ಶತಮಾನದ ಚರಿತ್ರೆಕಾರ ಸಿಮಾ ಗ್ವಾಂಗ್ ತೀರ್ಪು ಕೊಟ್ಟ. ಆಡಂಬರದ ಮಾತು ಸುಳ್ಳಲ್ಲ. ಕುದುರೆಗೆ ರೇಷ್ಮೆ ಹೊದಿಸಿದ ಬೊಕ್ಕಸ ರೈತನ ಬೆನ್ನಿನದೇ. ಆದರೂ ಅದೇ ದೊರೆ ಅದೇ ವಾದ್ಯಗಳನ್ನು ನುಡಿಸುತ್ತಲೇ ದಶಕಗಳ ಕಾಲ ಒಳ್ಳೆಯ ಮಂತ್ರಿಗಳನ್ನಿಟ್ಟುಕೊಂಡು ನಾಡನ್ನು ಸುಭಿಕ್ಷವಾಗಿ ಆಳಿದ್ದ. ಕೆಟ್ಟದ್ದು ಮಂತ್ರಿಗಳ ಆಯ್ಕೆ, ಗಡಿಯ ಸೈನ್ಯದ ಏರ್ಪಾಡು. ಅವುಗಳ ಹೊಣೆಯನ್ನು ಕೊಳಲಿನ ತಲೆಗೆ ಕಟ್ಟುವುದು, ಪೀಠ ಉಳಿಸಿಕೊಂಡ ಪಂಡಿತರಿಗೆ ಅನುಕೂಲದ ಮಾತಾಗಿತ್ತು.

ಕಲಾವಿದರು ಈ ತೀರ್ಪನ್ನು ಒಪ್ಪಲಿಲ್ಲ. ಅವರು ತಮ್ಮ ತೀರ್ಪನ್ನು ಪೂಜೆಯ ಕೋಣೆಯಲ್ಲಿ ಬರೆದರು. ರಂಗಭೂಮಿಗೆ ‘ಮರಸೇಬಿನ ತೋಟ’ವೆಂದೂ ನಟರಿಗೆ ಆ ತೋಟದ ಶಿಷ್ಯರೆಂದೂ ಚೀನಾದಲ್ಲಿ ಹೆಸರು ನಿಂತಿತು. ಷುವಾನ್‌ಜೋಂಗ್ ಮಾಡಿಸಿದ್ದು ಹೆಚ್ಚಾಗಿ ಸಂಗೀತ, ನೃತ್ಯ. ನಾಟಕವೆಂದು ಇಂದು ಕರೆಯುವುದು ಅವನ ಕಾಲಕ್ಕೆ ಇನ್ನೂ ತೊಟ್ಟಿಲಲ್ಲಿತ್ತು. ಆದರೂ ಮುಂದಿನ ನಾಟಕ ಮಂಡಳಿಗಳು ಅವನನ್ನೇ ಮೂಲಪುರುಷನೆಂದವು. ಸುಝೋ ಮೊದಲಾದ ಊರುಗಳಲ್ಲಿ ನಟರು ‘ಲಾವ್‌ಲಾಂಗ್’ ದೇವರಿಗೆ ಗುಡಿ ಕಟ್ಟಿಸಿ, ಆ ದೇವರು ಷುವಾನ್‌ಜೋಂಗನೇ ಎಂದು ನಂಬಿ, ರಂಗಕ್ಕೆ ಹೋಗುವ ಮುನ್ನ ಧೂಪ ಹಚ್ಚಿದರು.

ದಕ್ಷಿಣದ ಕಡಲ ತೀರದ ಫುಜಿಯೆನ್ ಪ್ರಾಂತದಲ್ಲಿ ಇನ್ನೊಂದು ಸಂಪ್ರದಾಯ ಬೇರೂರಿತು. ತೋಟದ ಹೆಸರನ್ನೇ ಹೊತ್ತ ‘ಲಿಯುವಾನ್’ ಎಂಬ ಹಳೆಯ ನಾಟಕ ಪದ್ಧತಿ ಇಂದಿಗೂ ಚುವಾನ್‌ಝೋ ನಗರದಲ್ಲಿ ಉಳಿದಿದೆ. ಆ ಸೀಮೆಯ ನಟರು, ಬೊಂಬೆಯಾಟದವರು, ವಾದ್ಯಗಾರರು ಪೂಜಿಸುವ ದೈವ ‘ತಿಯೆನ್ ಸೇನಾಪತಿ’. ಅವನು ಯಾರೆಂದು ಕೇಳಿದರೆ ಅಲ್ಲಿಯ ಭಕ್ತರು ಹೇಳುವ ಹೆಸರು ಲೇ ಹಾಯ್‌ಚಿಂಗ್. ಕಡಲು ದಾಟಿ ತೈವಾನ್‌ಗೆ ಹೋದ ಫುಜಿಯೆನ್ ಕಲಾವಿದರು ಅವನನ್ನು ಜೊತೆಗೆ ಕೊಂಡೊಯ್ದರು. ಬದುಕಿದ್ದಾಗ ಅವನ ಪಂಗಡದವರಿಗೆ ಯಾವ ಊರಿನ ದಾಖಲೆಯಲ್ಲೂ ಹೆಸರು ಬರೆಸುವ ಹಕ್ಕಿರಲಿಲ್ಲ; ಈಗ ಅವನಿಗೆ ಊರೂರಲ್ಲಿ ಗುಡಿ.